ವಿಮಾನಪುರದ ಲೋಹದ ಪುಡಿ

ಇಂದಿರಾನಗರದ ಎಷ್ಟೋ ವಿಳಾಸಗಳಲ್ಲಿ ಇಂದಿಗೂ ‘ಎಚ್‌ಎಎಲ್ ಎರಡನೇ ಹಂತ’ ಎಂದೇ ಇರುತ್ತದೆ. ಹಲಸೂರಿನಿಂದಾಚೆಗೆ ಊರು ಪೂರ್ವಕ್ಕೆ ಬೆಳೆದದ್ದರಲ್ಲಿ, 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಸ್ಥಾಪಿಸಿದ ಎಚ್‌ಎಎಲ್ ವಿಮಾನ ಕಾರ್ಖಾನೆಯ ಪಾಲು ದೊಡ್ಡದು. ಅದರ ಚರಿತ್ರೆ ಹೇಳುವವರು 1951ರಲ್ಲಿ ಹಾರಿದ ಎಚ್‌ಟಿ-2, 1961ರಲ್ಲಿ ಹಾರಿದ ಮಾರುತ್ ಎಂದು ವಿಮಾನಗಳನ್ನೇ ಎಣಿಸುತ್ತಾರೆ. ಹೀಗೆ ಎಣಿಸುವಾಗ ಅಲ್ಲಿಯ ಫೌಂಡ್ರಿ ಮತ್ತು ಫೋರ್ಜ್ ವಿಭಾಗದ ಒಂದು ಕಸುಬು ಬಿಟ್ಟುಹೋಗುತ್ತದೆ: ಲೋಹ ಮತ್ತು ಸೆರಾಮಿಕ್ ಪುಡಿಗಳನ್ನು ಬೆರೆಸಿ, ಒತ್ತಿ, ಕುಲುಮೆಯಲ್ಲಿ ಬೆಸೆದು ವಿಮಾನದ ಬ್ರೇಕ್ ಪ್ಯಾಡ್ ಮಾಡುವುದು. ಒಮ್ಮೆ ಕೊಂಡ ವಿಮಾನ ದಶಕಗಟ್ಟಲೆ ಹಾರೀತು. ಪ್ಯಾಡ್ ಮಾತ್ರ ಪ್ರತಿ ಸಲ ಇಳಿದಾಗಲೂ ಸವೆಯುತ್ತದೆ. ಹೊರಗಿನಿಂದ ಅದು ಬರುವುದು ನಿಂತರೆ ಸುಸ್ಥಿತಿಯ ವಿಮಾನವೂ ಹ್ಯಾಂಗರ್ ಬಿಟ್ಟು ಕದಲದು. ಸ್ವಾವಲಂಬನೆಯ ಚರಿತ್ರೆಯನ್ನು ಇಂಥ ಸವೆಯುವ ವಸ್ತುಗಳಿಂದಲೇ ಬರೆಯಬೇಕೆಂಬುದು ನನ್ನ ವಾದ.

ಇಳಿಯುವ ಜೆಟ್ಟಿನ ಚಲನಶಕ್ತಿಯ ಬಹುಭಾಗ ಕೆಲವೇ ಕ್ಷಣಗಳಲ್ಲಿ ಶಾಖವಾಗಿ ಬ್ರೇಕಿಗೆ ಬಂದು ಬೀಳುತ್ತದೆ. ಬರೀ ಲೋಹವಾದರೆ ಮೆತ್ತಗಾಗಿ ಎದುರಿನ ಬಿಲ್ಲೆಗೆ ಅಂಟಿಕೊಳ್ಳುತ್ತದೆ, ಬರೀ ಸೆರಾಮಿಕ್ ಆದರೆ ಸಿಡಿಯುತ್ತದೆ. ಅದಕ್ಕೇ ಶಾಖ ಹೊರಲು ಕಬ್ಬಿಣ ಇಲ್ಲವೆ ತಾಮ್ರ, ಹಿಡಿತಕ್ಕೆ ಸಿಲಿಕಾದಂಥ ಸೆರಾಮಿಕ್, ಕಚ್ಚಿಕೊಳ್ಳದಿರಲು ಗ್ರಾಫೈಟ್. ಇವನ್ನು ಒಟ್ಟಿಗೆ ಕರಗಿಸಿದರೆ ಹಗುರಾದದ್ದು ಮೇಲೆ ತೇಲಿ ಬೇರೆಯಾಗುತ್ತದೆ. ಆದ್ದರಿಂದ ಪುಡಿಯಾಗಿಯೇ ಒತ್ತಿ, ಗಾಳಿ ಸೋಕದಂತೆ ಹೈಡ್ರೋಜನ್ ತುಂಬಿ, ಮೂಲ ಲೋಹ ಕರಗದಷ್ಟು ಬಿಸಿಯಲ್ಲಿ ಭಾರ ಹೇರಿ ಗಂಟೆಗಟ್ಟಲೆ ಕಾಯಿಸಬೇಕು. ಸೂತ್ರ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾ ಪ್ರಯೋಗಾಲಯದ್ದು, ಬೆಂಗಳೂರಿನದೇನು ಹೆಚ್ಚುಗಾರಿಕೆ ಎಂದು ಕೇಳಬಹುದು. ಪ್ರಯೋಗಾಲಯದಲ್ಲಿ ಒಂದು ಪ್ಯಾಡ್ ಸರಿಬಂದರೆ ಸಾಕು. ಕಾರ್ಖಾನೆಯಲ್ಲಿ ಪ್ರತಿಯೊಂದೂ ಸರಿಬರಬೇಕು. ಪುಡಿಯ ತೇವ, ಕಣದ ಗಾತ್ರ, ಬೆರಕೆಯ ಹೊತ್ತು ತುಸು ಏರುಪೇರಾದರೂ ಹಿಡಿತ ಬದಲಾಗುತ್ತದೆ. ಮಾರತ್ತಹಳ್ಳಿಯ ಸೇನಾ ವಿಮಾನ ಪ್ರಮಾಣೀಕರಣ ಕೇಂದ್ರ ಒಪ್ಪಬೇಕಾದದ್ದು ಸೂತ್ರವನ್ನಷ್ಟೇ ಅಲ್ಲ, ಈ ಏಕರೂಪತೆಯನ್ನೂ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ವಿದ್ಯುತ್ತನ್ನು ಪುಡಿ ಮತ್ತು ಅಚ್ಚಿನ ಮೂಲಕವೇ ಹಾಯಿಸಿ ನಿಮಿಷಗಳಲ್ಲಿ ಬೆಸೆಯುವ ವಿಧಾನವಿರುವಾಗ, ಹೊರಗಿನಿಂದ ಕಾಯಿಸುವ ಕುಲುಮೆ ಹಳೆಯ ಕಾಲದ್ದಲ್ಲವೇ? ಕಾಲದ ಲೆಕ್ಕ ಇಲ್ಲಿ ಅಷ್ಟು ಸರಳವಲ್ಲ. ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬಂದದ್ದು 1905ರಲ್ಲಿ. ಕೆಲವೇ ವರ್ಷಗಳಲ್ಲಿ, 1910ರ ಆಸುಪಾಸಿಗೆ, ಅಮೆರಿಕದ ವಿಲಿಯಂ ಕೂಲಿಡ್ಜ್ ಟಂಗ್‌ಸ್ಟನ್ ಪುಡಿಯ ಕಡ್ಡಿಗೆ ನೇರವಾಗಿ ವಿದ್ಯುತ್ ಹಾಯಿಸಿ ಬೆಸೆದು ಬಲ್ಬಿನ ತಂತಿ ಎಳೆಯುವ ದಾರಿ ಕಂಡುಕೊಂಡಿದ್ದ. ದಂಡುಪ್ರದೇಶದ ಮನೆಗಳಲ್ಲಿ ಮುಂದೆ ಉರಿದ ಟಂಗ್‌ಸ್ಟನ್ ಬಲ್ಬುಗಳ ಹಿಂದೆ ಇದ್ದದ್ದು ಇದೇ ತತ್ತ್ವ. ಜಪಾನಿನ ಕಿಯೋಶಿ ಇನೋಯೆ 1960ರ ದಶಕದಲ್ಲಿ ಬಿಟ್ಟುಬಿಟ್ಟು ಹರಿಯುವ ಪ್ರವಾಹದಿಂದ ಅದಕ್ಕೆ ಇಂದಿನ ರೂಪ ಕೊಟ್ಟ. ಅದರ ನಿಜವಾದ ಬಲ ಇರುವುದು ವೇಗದಲ್ಲಿ: ಕಣಗಳು ಬೆಳೆದು ದಪ್ಪವಾಗುವ ಮೊದಲೇ ಬೆಸುಗೆ ಮುಗಿದಿರುತ್ತದೆ. ಬ್ರೇಕ್ ಪ್ಯಾಡಿಗೆ ಬೇಕಾದದ್ದು ಅದಲ್ಲ. ಅಲ್ಲಿ ಹಿಡಿತ ಕೊಡುವುದೇ ಸೆರಾಮಿಕ್ಕಿನ ದಪ್ಪ ಕಣಗಳು. ಮೇಲಾಗಿ ಪ್ರವಾಹದ ಯಂತ್ರ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಅಚ್ಚನ್ನು ಬೆಸೆಯುತ್ತದೆ, ಗಂಟೆಯಾಕಾರದ ಕುಲುಮೆಯಲ್ಲಿ ಸಾಲುಸಾಲು ಪ್ಯಾಡ್‌ಗಳನ್ನು ಪೇರಿಸಿ ಒಟ್ಟಿಗೆ ಕಾಯಿಸಬಹುದು.