ಪಿತ್ರಾರ್ಜಿತ ಕೋವಿ ಮತ್ತು ಕೈತಪ್ಪಿದ ತಿಳಿವಳಿಕೆ: ಕೊಡಗನ್ನು ಕುರಿತ ಒಂದು ವಿಚಾರ

ಪರವಾನಗಿ ಇಲ್ಲದೆಯೇ ಕೋವಿ ಹೊಂದಲು ಭಾರತದ ಕಾನೂನು ಅವಕಾಶ ಕೊಟ್ಟಿರುವ ಸಮುದಾಯಗಳು ತೀರ ವಿರಳ. ಕೊಡವರು ಹಾಗೂ ಕೊಡಗಿನ ಜಮ್ಮಾ (ಪಿತ್ರಾರ್ಜಿತ ಭೂಮಿ) ಹಿಡುವಳಿದಾರರು ಅವರಲ್ಲಿ ಸೇರಿದ್ದಾರೆ. 1857ರ ಬಂಡಾಯದ ತರುವಾಯ ನಿಶ್ಶಸ್ತ್ರೀಕರಣ ಕಾಯ್ದೆ ಬಂದಾಗ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ ಕೊಡವರನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟರು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲೂ ಆ ವಿನಾಯಿತಿ ಮುಂದುವರಿಯಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಇರಬೇಕೆ ಬೇಡವೆ ಎಂಬ ವಾದ ಇಲ್ಲಿನ ವಿಷಯವಲ್ಲ. ಇರಲಿ ಎಂದು ಒಪ್ಪಿಕೊಂಡೇ ಬೇರೊಂದು ಪ್ರಶ್ನೆ ಕೇಳಬೇಕಾಗಿದೆ: ಕೋವಿ ಮನೆತನದಲ್ಲಿ ಇಳಿದು ಬಂದ ಹಾಗೆ ಅದನ್ನು ಹಿಡಿಯುವ ತಿಳಿವಳಿಕೆಯೂ ಇಳಿದು ಬಂದಿದೆಯೆ?

ವಿನಾಯಿತಿಯ ಹಿಂದೆ ಒಂದು ಗ್ರಹಿಕೆ ಇತ್ತು. ಒಕ್ಕದಲ್ಲಿ (ಕೊಡವ ಮನೆತನದಲ್ಲಿ) ಹುಟ್ಟಿದ ಹುಡುಗ ಹಿರಿಯರ ಜೊತೆ ಕಾಡಿಗೆ ಹೋಗಿ ಕೋವಿಯ ಪಾಠ ಕಲಿಯುತ್ತಾನೆ, ಸರ್ಕಾರ ಅವನಿಗೆ ಬೇರೆ ಕಲಿಸಬೇಕಾಗಿಲ್ಲ ಎಂಬ ಗ್ರಹಿಕೆ ಅದು. ಆ ಕಾಲಕ್ಕೆ ಅದು ಸುಳ್ಳೇನೂ ಆಗಿರಲಿಲ್ಲ. ಊರೊಟ್ಟಿನ ಬೇಟೆಯಲ್ಲಿ ಸೋವುವವರು ಎತ್ತಲಿಂದ ಬರುತ್ತಾರೆ, ಕೋವಿಯವರು ಯಾವ ಯಾವ ಜಾಗದಲ್ಲಿ ನಿಲ್ಲುತ್ತಾರೆ, ಯಾರು ಎತ್ತ ಈಡು ಹೊಡೆಯಕೂಡದು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತಿತ್ತು. ತಪ್ಪಿದವನನ್ನು ಅಲ್ಲೇ ಗದರಿಸಿ ತಿದ್ದುವ ಹಿರಿಯ ಪಕ್ಕದಲ್ಲೇ ಇರುತ್ತಿದ್ದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿ ಬೇಟೆಯನ್ನು ನಿಲ್ಲಿಸಿದವು. ಕಾಡಿನ ದೃಷ್ಟಿಯಿಂದ ಅದು ಆಗಲೇಬೇಕಿದ್ದ ಕೆಲಸ. ಆದರೆ ಬೇಟೆಯ ಜೊತೆಗೇ ಕೋವಿ ಕಲಿಸುವ ಏಕೈಕ ಶಾಲೆಯೂ ಮುಚ್ಚಿತು. ಆ ಜಾಗದಲ್ಲಿ ಇನ್ನೊಂದನ್ನು ತೆರೆಯುವ ಯೋಚನೆ ಯಾರಿಗೂ ಬರಲಿಲ್ಲ.

ಉಳಿದದ್ದು ಆಚರಣೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು, ಪುತ್ತರಿಯ ದಿನ ಕದಿರು ಕೊಯ್ಯುವಾಗ ಒಂದು ಗುಂಡು. ಇವು ಕೊಡಗಿನ ಬದುಕಿನ ಘನತೆಯ ಗಳಿಗೆಗಳು, ಉಳಿಯಬೇಕಾದವು. ಆದರೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಕೋವಿ ಮುಟ್ಟುವವನಿಗೆ ಕೈ ಪಳಗುವುದಿಲ್ಲ. ಚೆರೆಯಿಲ್ಲದ ತೋಟಾ ನಿರಪಾಯ ಎಂದು ನಂಬಿ ಹತ್ತಿರದಲ್ಲೇ ಹಾರಿಸುವವರುಂಟು. ನಳಿಗೆಯ ಬಾಯಿಂದ ನುಗ್ಗುವ ಬಿಸಿ ಅನಿಲ ಮತ್ತು ಬಿರಡೆ ಅಷ್ಟು ಸಮೀಪದಲ್ಲಿ ಜೀವ ತೆಗೆಯಬಲ್ಲವು. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯ ಮಾತೂ ಇದೇ. ಪಾಯಿಂಟ್ 22 ರೈಫಲ್ಲಿನ ಗುಂಡು ಒಂದೂವರೆ ಕಿಲೋಮೀಟರ್ ದೂರ ಸಾಗಬಲ್ಲದು. ಕಾಯಿಯನ್ನು ಮಣ್ಣಿನ ದಿಬ್ಬದ ಮುಂದಿಟ್ಟಾಗ ಗುರಿ ತಪ್ಪಿದ ಗುಂಡು ದಿಬ್ಬದಲ್ಲಿ ಹೂತುಹೋಗುತ್ತದೆ; ಮರದ ತುದಿಗೆ ಕಟ್ಟಿದಾಗ ಅದು ಎಲ್ಲಿ ಬೀಳುತ್ತದೆಂದು ಹಾರಿಸಿದವನಿಗೇ ತಿಳಿಯದು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಸಂಭ್ರಮದ ಗುಂಡಿನಿಂದ ಇತರರ ಪ್ರಾಣಕ್ಕೆ ಅಪಾಯ ತಂದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಆಚರಣೆಯನ್ನು ಉಳಿಸಿಕೊಳ್ಳಬೇಕೆನ್ನುವವರು ಈ ಕಾನೂನನ್ನು ಮೊದಲು ಓದಿಕೊಳ್ಳಬೇಕು.

ಅಜ್ಞಾನದ ನಿಜವಾದ ಆಳ ಕಾಣುವುದು ಕೋವಿಯ ಒಳಗೆ. ಐನ್‌ಮನೆಗಳಲ್ಲಿ, ಅಂದರೆ ಒಕ್ಕಗಳ ಮೂಲಮನೆಗಳಲ್ಲಿ, ಉಳಿದು ಬಂದಿರುವ ಹಳೆಯ ಇಂಗ್ಲಿಷ್ ಜೋಡುನಳಿಗೆಯ 12 ಬೋರ್ ಕೋವಿಯನ್ನೇ ತೆಗೆದುಕೊಳ್ಳಿ. ಅಂಥವುಗಳಲ್ಲಿ ತೋಟಾ ಕೂರುವ ಗೂಡು ಬಹುಮಟ್ಟಿಗೆ ಎರಡೂವರೆ ಇಂಚು, ಅಂದರೆ ಸುಮಾರು 65 ಮಿಲಿಮೀಟರ್ ಉದ್ದ. ಇಂದು ಹೆಚ್ಚಾಗಿ ಸಿಗುವ ತೋಟಾ 70 ಮಿಲಿಮೀಟರಿನದು. ಉದ್ದದ ತೋಟಾ ಗಿಡ್ಡ ಗೂಡಿಗೆ ಹಿಡಿಸುವುದೇ ಇಲ್ಲ, ಹಿಡಿಸಿದರೆ ಸರಿಯಾದದ್ದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸಿರುವುದು ಹಾರಿಸಿದ ಮೇಲಿನ ಉದ್ದ. ಹಾರಿಸುವ ಮುನ್ನ ತೋಟಾದ ಬಾಯಿ ಒಳಕ್ಕೆ ಮಡಚಿರುವುದರಿಂದ ಅದು ಗಿಡ್ಡವಾಗಿದ್ದು ಸಲೀಸಾಗಿ ಕೂರುತ್ತದೆ. ಹಾರಿದಾಗ ಮಡಿಕೆ ಬಿಚ್ಚಿ ಗೂಡಿನಾಚೆಯ ಇಕ್ಕಟ್ಟಿಗೆ ಚಾಚಿಕೊಳ್ಳುತ್ತದೆ. ಚೆರೆ, ಬಿರಡೆಗಳೆಲ್ಲ ಆ ಬಿಗಿಯಲ್ಲೇ ನುಸುಳಬೇಕಾಗಿ ಒತ್ತಡ ಏರುತ್ತದೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆಯಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಹೊಗೆಯೇಳುವ ಕರಿಮದ್ದಿನ ಕಾಲಕ್ಕೆ ಮಾಡಿದ ಅಂಥ ನಳಿಗೆ, ಪರೀಕ್ಷೆಗೆ ಒಳಪಡದೆ ಇಂದಿನ ಹೊಗೆರಹಿತ ಮದ್ದನ್ನು ತಾಳೀತೆಂದು ಹೇಳಲಾಗದು. 20 ಬೋರಿನ ತೋಟಾ ತಪ್ಪಿ 12 ಬೋರಿನ ನಳಿಗೆಗೆ ಬಿದ್ದರೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿ ಕಾಣುತ್ತದೆ. ಅದರ ಹಿಂದೆ ಸರಿಯಾದ ತೋಟಾ ಹಾಕಿ ಹಾರಿಸಿದರೆ ನಳಿಗೆ ಒಡೆಯುವುದು ಮುಂಗೈ ಇರುವ ಜಾಗದಲ್ಲೇ. 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಬಳಿಯುವ ರೂಢಿ ಬಂದದ್ದು ಇದೇ ಕಾರಣಕ್ಕೆ. ಇನ್ನು ಸೇಫ್ಟಿ: ಬಹುತೇಕ ಜೋಡುನಳಿಗೆ ಕೋವಿಗಳಲ್ಲಿ ಅದು ಟ್ರಿಗರನ್ನು ಮಾತ್ರ ತಡೆಯುತ್ತದೆ, ಒಳಗೆ ಎಳೆದು ನಿಂತಿರುವ ಕುದುರೆಯನ್ನಲ್ಲ. ತುಂಬಿದ ಕೋವಿ ಕಲ್ಲಿನ ಮೇಲೆ ಬಿದ್ದರೆ ಸೇಫ್ಟಿ ಹಾಕಿದ್ದರೂ ಅದು ಹಾರಬಹುದು.

ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೇಪಿನ ಕೋವಿಗಳದು ಬೇರೆ ತೊಂದರೆ. ನಳಿಗೆಯ ಬಾಯಿಯಿಂದ ಮದ್ದು ತುಂಬಿದ ಮೇಲೆ ಹಾರಿಸದೆ ಖಾಲಿ ಮಾಡುವುದು ಕಷ್ಟ. ಹೀಗಾಗಿ ರಾತ್ರಿ ಹಂದಿ ಬಾರದಿದ್ದರೆ ಕೋವಿ ತುಂಬಿದ ಹಾಗೆಯೇ ಬಾಗಿಲ ಹಿಂದೆ ನಿಲ್ಲುತ್ತದೆ. ತುಂಬಿದ್ದು ಮರೆತು ಮತ್ತೊಮ್ಮೆ ಮದ್ದು ಗಿಡಿಯುವುದೂ ಉಂಟು. ಮದ್ದು ಗಿಡಿಯುವ ಸಲಾಕೆಯನ್ನೇ ಇಳಿಬಿಟ್ಟು, ಖಾಲಿ ಇದ್ದಾಗ ಎಲ್ಲಿಯವರೆಗೆ ಇಳಿಯುತ್ತದೆಯೋ ಅಲ್ಲಿ ಗೆರೆ ಹಾಕಿಟ್ಟರೆ ಎರಡನ್ನೂ ತಿಳಿಯಬಹುದು. ಖರ್ಚಿಲ್ಲದ ಉಪಾಯ. ಕಲಿಸುವವರಿಲ್ಲದಿದ್ದರೆ ಅದೂ ಹೊಳೆಯದು.

ಹಂದಿಯೆಂದು ಭಾವಿಸಿ ಜೊತೆಯವನಿಗೇ ಗುಂಡು ಹಾರಿಸಿದ ಸುದ್ದಿ ಕೊಡಗು, ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದುವಾಗ ಎದೆ ಒಡೆಯುತ್ತದೆ. ಹೊಡೆದವನೂ ಬಿದ್ದವನೂ ಅನೇಕ ಸಲ ಒಂದೇ ಮನೆಯವರು, ಇಲ್ಲವೆ ಗೆಳೆಯರು. ಕದ್ದುಮುಚ್ಚಿ ನಡೆಯುವ ರಾತ್ರಿಬೇಟೆಯಲ್ಲಿ ಯಾರು ಎಲ್ಲಿದ್ದಾರೆಂದು ಕೂಗಿ ಹೇಳುವಂತಿಲ್ಲ, ತಿದ್ದುವ ಹಿರಿಯನೂ ಇರುವುದಿಲ್ಲ. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಕಾಫಿಗಿಡಗಳ ನಡುವೆ ಕಾಣುವುದು ಒಂದು ಮಿನುಗು, ಕೇಳುವುದು ತರಗೆಲೆಯ ಸದ್ದು. ಅಷ್ಟಕ್ಕೇ ಈಡು ಬೀಳುತ್ತದೆ. ಚೆರೆ ಹತ್ತಿರದಲ್ಲೇ ಉದುರಿಹೋಗುತ್ತದೆ ಎಂಬ ತಪ್ಪು ಲೆಕ್ಕವೂ ಇದಕ್ಕೆ ಸೇರುತ್ತದೆ. ಎಲ್‌ಜಿ ತೋಟಾದ ದಪ್ಪ ಚೆರೆ ಅರ್ಧ ಕಿಲೋಮೀಟರನ್ನೂ ಮೀರಿ ಹಾರಬಲ್ಲದು. ಅಷ್ಟರೊಳಗೆ ಕೂಲಿಕಾರರ ಲೈನ್‌ಮನೆ ಇದ್ದೇ ಇರುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಬಯಸುವವರಿಗೆ ಸುರಕ್ಷತಾ ತರಬೇತಿಯನ್ನು ವಿಧಿಸಿವೆ. ಕೋವಿ ಹಿಡಿಯುವ ಕ್ರಮ, ಹಾರಿಸುವ ವಿಧಾನ, ಆರೈಕೆ, ಸಂಗ್ರಹ, ಸಾಗಾಟ ಎಲ್ಲವೂ ಅದರಲ್ಲಿವೆ. ಆದರೆ ಈ ತರಬೇತಿ ಪರವಾನಗಿಯ ಜೊತೆ ಬೆಸೆದುಕೊಂಡಿದೆ. ಪರವಾನಗಿಯೇ ಬೇಡವಾದವರನ್ನು ಅದು ಮುಟ್ಟುವುದಿಲ್ಲ. ಕೊಡಗಿನವರು ಸರ್ಕಾರದ ಆದೇಶಕ್ಕಾಗಿ ಕಾಯದೆ ತಾವೇ ಈ ಕೊರತೆ ತುಂಬಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಅದಕ್ಕೆ ತಕ್ಕ ದಿನವೂ ಅವರ ಪಂಚಾಂಗದಲ್ಲೇ ಇದೆ. ನಾಟಿ ಮುಗಿದು ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್‌ಗೆ ಪ್ರತಿ ಮನೆಯ ಕೋವಿಯೂ ಹೊರಬಂದು, ಒರೆಸಿಕೊಂಡು, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿಕೊಂಡು ದೀಪದೆದುರು ಕೂರುತ್ತದೆ. ಹೂ ಸಿಕ್ಕಿಸುವ ಮುನ್ನ ಬಲ್ಲವರೊಬ್ಬರು ಕೋವಿ ತೆರೆದು ಗೂಡಿನ ಉದ್ದ ಅಳೆದು, ನಳಿಗೆಯ ಕೆಳಗಿನ ಪರೀಕ್ಷಾ ಮುದ್ರೆ ಓದಿ, ಯಾವ ತೋಟಾ ಹಾಕಬಹುದೆಂದು ಕಿರಿಯರ ಮುಂದೆ ಹೇಳಿದರೆ ಸಾಕು. ನಿವೃತ್ತ ಸೈನಿಕರು ಇಷ್ಟೊಂದಿರುವ ಜಿಲ್ಲೆಯಲ್ಲಿ ಅಂಥವರಿಗೆ ಬರವಿಲ್ಲ.

ಪೊಲೀಸ್ ದಾಖಲೆಯಲ್ಲೂ ಒಂದು ಬದಲಾವಣೆ ಬೇಕು. ಕೋವಿ ಅವಘಡದ ಸಾವುಗಳು ಮೊದಲು ಭಾರತೀಯ ದಂಡಸಂಹಿತೆಯ 304ಎ ಕಲಮಿನಡಿ, ಈಗ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ನಿರ್ಲಕ್ಷ್ಯದ ಸಾವು ಎಂದು ದಾಖಲಾಗುತ್ತವೆ. ಕೋವಿ ಬಿದ್ದು ಹಾರಿತೆ, ತಪ್ಪು ತೋಟಾದಿಂದ ನಳಿಗೆ ಒಡೆಯಿತೆ, ಗುರಿಯ ಗುರುತು ತಪ್ಪಿತೆ, ಕೋವಿ ಯಾರ ಹೆಸರಿನದು, ಹಿಡಿದಿದ್ದವನಿಗೆ ಯಾರು ಕಲಿಸಿದ್ದರು ಎಂಬ ವಿವರಗಳನ್ನು ಕಲಮಿನ ಹೆಸರು ಹೇಳುವುದಿಲ್ಲ. ಇವನ್ನು ಬೇರೆ ಬೇರೆಯಾಗಿ ಬರೆದಿಟ್ಟರೆ ಮುಂದಿನ ಸಂಶೋಧಕರು ಪ್ರತಿಯೊಂದು ಬಗೆಯ ಅವಘಡವನ್ನೂ ಅದರ ಕಾರಣದೊಂದಿಗೆ ಎಣಿಸಬಲ್ಲರು. ಯಾವ ಊರಿನಲ್ಲಿ ಯಾವ ಪಾಠ ಮೊದಲು ಆಗಬೇಕೆಂಬುದು ಆ ಎಣಿಕೆಯಿಂದಲೇ ತೀರ್ಮಾನವಾಗಬೇಕು.