ಹಳೆಯ ಕಾರು ದಾನ: ಅಮೆರಿಕದಲ್ಲಿ ತೆರಿಗೆ ಎಷ್ಟು ಉಳಿಯುತ್ತದೆ?

ಡಿಸೆಂಬರ್ ತಿಂಗಳು ಬಂತೆಂದರೆ ಅಮೆರಿಕದ ರೇಡಿಯೊ ಮತ್ತು ದೂರದರ್ಶನ ವಾಹಿನಿಗಳಲ್ಲಿ ಹಳೆಯ ಕಾರುಗಳನ್ನು ದಾನವಾಗಿ ಬೇಡುವ ಜಾಹೀರಾತುಗಳ ಸುರಿಮಳೆ ಆರಂಭವಾಗುತ್ತದೆ. ಕಾರು ಓಡದಿದ್ದರೂ ಚಿಂತೆಯಿಲ್ಲ, ಮನೆ ಬಾಗಿಲಿಗೇ ಬಂದು ಪುಕ್ಕಟೆಯಾಗಿ ಎಳೆದೊಯ್ಯುತ್ತೇವೆ, ಮೇಲಾಗಿ ತೆರಿಗೆ ವಿನಾಯಿತಿಯೂ ಉಂಟು ಎಂಬುದು ಅವುಗಳ ಸಾರಾಂಶ. ಅಲ್ಲಿ ವ್ಯಕ್ತಿಗಳ ತೆರಿಗೆ ವರ್ಷ ನಮ್ಮಂತೆ ಮಾರ್ಚ್‌ಗೆ ಮುಗಿಯದೆ ಡಿಸೆಂಬರ್ 31ಕ್ಕೆ ಮುಗಿಯುವುದೇ ಈ ಅವಸರಕ್ಕೆ ಕಾರಣ.

ನಮ್ಮ ದೇಶದಲ್ಲಿ 80ಜಿ ಎಂದೇ ಪರಿಚಿತವಾದ ವಿನಾಯಿತಿ ಹಣದ ರೂಪದ ದಾನಕ್ಕೆ ಮಾತ್ರ ಸೀಮಿತ. ಕಾರು, ಬಟ್ಟೆ, ಅಕ್ಕಿ ಮುಂತಾದ ವಸ್ತುಗಳನ್ನು ಕೊಟ್ಟರೆ ಪುಣ್ಯ ಬರಬಹುದೇ ಹೊರತು ತೆರಿಗೆ ಕಡಿಮೆಯಾಗದು. ಆದ್ದರಿಂದ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅದರಲ್ಲೂ ಕೆಲಸದ ಅವಧಿ ಮುಗಿಸಿ ಊರಿಗೆ ಹಿಂದಿರುಗುವ ಮುನ್ನ ಕಾರನ್ನು ಏನು ಮಾಡುವುದೆಂದು ಯೋಚಿಸುವವರಿಗೆ, ಈ ಕೊಡುಗೆ ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಜಾಹೀರಾತು ಹೇಳುವುದಕ್ಕೂ ಕಾನೂನು ಹೇಳುವುದಕ್ಕೂ ಸಾಕಷ್ಟು ಅಂತರವಿದೆ.

2004ರವರೆಗೆ ದಾನಿಯು ತನ್ನ ಕಾರಿನ ಮಾರುಕಟ್ಟೆ ಮೌಲ್ಯವನ್ನು ದರಪಟ್ಟಿ ನೋಡಿ ತಾನೇ ನಿರ್ಧರಿಸಿ, ಅಷ್ಟನ್ನೂ ಆದಾಯದಿಂದ ಕಳೆಯಬಹುದಾಗಿತ್ತು. ಇದರ ಪರಿಣಾಮವನ್ನು ನಮ್ಮ ಸಿಎಜಿಯನ್ನು ಹೋಲುವ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2003ರ ನವೆಂಬರ್‌ನಲ್ಲಿ ವರದಿ ಮಾಡಿತು. 2000ನೇ ತೆರಿಗೆ ವರ್ಷವೊಂದರಲ್ಲೇ ಸುಮಾರು 7.33 ಲಕ್ಷ ತೆರಿಗೆದಾರರು ವಾಹನ ದಾನದ ಹೆಸರಿನಲ್ಲಿ ವಿನಾಯಿತಿ ಪಡೆದಿದ್ದರು. ಇದರಿಂದ ಅವರ ತೆರಿಗೆಯಲ್ಲಿ ಅಂದಾಜು 65.4 ಕೋಟಿ ಡಾಲರ್ ಇಳಿದಿತ್ತು. ಸಂಸ್ಥೆಯು ಜಾಡು ಹಿಡಿದು ಪರಿಶೀಲಿಸಿದ 54 ದಾನಗಳ ಪೈಕಿ ಸುಮಾರು ಮೂರನೇ ಎರಡರಷ್ಟು ಪ್ರಕರಣಗಳಲ್ಲಿ, ದಾನಿ ತೋರಿಸಿದ ಮೌಲ್ಯದ ಶೇ 5 ಅಥವಾ ಅದಕ್ಕಿಂತ ಕಡಿಮೆ ಹಣವಷ್ಟೇ ದತ್ತಿ ಸಂಸ್ಥೆಯ ಕೈಸೇರಿತ್ತು. ಉಳಿದದ್ದು ಹರಾಜಿನ ಅಗ್ಗದ ಬೆಲೆ, ಸಾಗಣೆ, ಜಾಹೀರಾತು ಮತ್ತು ಮಧ್ಯವರ್ತಿಗಳ ಪಾಲಿನಲ್ಲಿ ಕರಗಿಹೋಗಿತ್ತು.

ಈ ವರದಿಯ ಬೆನ್ನಲ್ಲೇ ಅಮೆರಿಕದ ಸಂಸತ್ತು 2004ರಲ್ಲಿ ಕಾನೂನು ಬಿಗಿಗೊಳಿಸಿತು. 2005ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮ ಸರಳವಾಗಿದೆ: ವಿನಾಯಿತಿ 500 ಡಾಲರ್ ಮೀರುವುದಾದರೆ, ದತ್ತಿ ಸಂಸ್ಥೆ ಆ ಕಾರನ್ನು ಎಷ್ಟಕ್ಕೆ ಮಾರಿತೋ ಅಷ್ಟೇ ಲೆಕ್ಕಕ್ಕೆ ಬರುತ್ತದೆ. ದರಪಟ್ಟಿಯಲ್ಲಿ 3,000 ಡಾಲರ್ ಎಂದಿರುವ ಕಾರು ಹರಾಜಿನಲ್ಲಿ 900 ಡಾಲರ್‌ಗೆ ಹೋದರೆ 900 ಮಾತ್ರ. ಕಾರು 500 ಡಾಲರ್‌ಗಿಂತ ಕಡಿಮೆಗೆ ಮಾರಾಟವಾದರೆ, ಅದರ ನೈಜ ಮಾರುಕಟ್ಟೆ ಬೆಲೆ ಅಥವಾ 500 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ತೋರಿಸಬಹುದು.

ಪೂರ್ಣ ಮಾರುಕಟ್ಟೆ ಬೆಲೆ ಸಿಗುವ ಸಂದರ್ಭಗಳೂ ಇಲ್ಲದಿಲ್ಲ. ಸಂಸ್ಥೆಯು ಕಾರನ್ನು ಮಾರದೆ ತನ್ನ ಸೇವಾಕಾರ್ಯಕ್ಕೆ ಗಣನೀಯವಾಗಿ ಬಳಸಬೇಕು. ವೃದ್ಧರ ಮನೆಗಳಿಗೆ ವರ್ಷವಿಡೀ ನಿತ್ಯ ಊಟ ತಲುಪಿಸುವುದು ಇಂತಹ ಬಳಕೆ. ಇಲ್ಲವೇ ಕಾರಿನ ಬೆಲೆ ಹೆಚ್ಚುವಂತಹ ದೊಡ್ಡ ದುರಸ್ತಿ ಮಾಡಿಸಬೇಕು; ಬಣ್ಣ ಬಳಿದು ನೆಗ್ಗು ತೆಗೆಸಿದರೆ ಸಾಲದು. ಅಥವಾ ಬಡ ಕುಟುಂಬವೊಂದಕ್ಕೆ ಕಾರನ್ನು ಉಚಿತವಾಗಿ ಇಲ್ಲವೇ ತೀರ ಕಡಿಮೆ ಬೆಲೆಗೆ ಕೊಡಬೇಕು. ಮೇರಿಲ್ಯಾಂಡ್‌ನ ‘ವೆಹಿಕಲ್ಸ್ ಫಾರ್ ಚೇಂಜ್’ ಸಂಸ್ಥೆ ದಾನದ ಕಾರುಗಳನ್ನು ದುರಸ್ತಿಗೊಳಿಸಿ ಕಡಿಮೆ ಆದಾಯದ ಕುಟುಂಬಗಳಿಗೆ ಒದಗಿಸುತ್ತಾ ಬಂದಿದೆ. ಬಸ್ಸು, ರೈಲುಗಳು ವಿರಳವಾದ ಆ ದೇಶದಲ್ಲಿ ಕಾರಿಲ್ಲದವನಿಗೆ ಉದ್ಯೋಗ ದೊರೆಯುವುದೇ ದುಸ್ತರ ಎಂಬುದನ್ನು ನೆನೆದರೆ, ಇದರಷ್ಟು ಸಾರ್ಥಕವಾದ ದಾನ ಇನ್ನೊಂದಿರಲಾರದು.

ಈಗ ಲೆಕ್ಕಕ್ಕೆ ಬರೋಣ. ವಿನಾಯಿತಿ ಎಂದರೆ ತೆರಿಗೆಯಲ್ಲೇ ಆಗುವ ಕಡಿತವಲ್ಲ, ತೆರಿಗೆ ವಿಧಿಸಬಹುದಾದ ಆದಾಯದಲ್ಲಿ ಆಗುವ ಕಡಿತ. ಶೇ 22ರ ತೆರಿಗೆ ದರದವರಿಗೆ 900 ಡಾಲರ್ ದಾನದಿಂದ ಉಳಿಯುವುದು 198 ಡಾಲರ್. ಅದೂ ಗೃಹಸಾಲದ ಬಡ್ಡಿ, ರಾಜ್ಯದ ತೆರಿಗೆ, ದಾನ ಇತ್ಯಾದಿಗಳನ್ನು ಬಿಡಿಬಿಡಿಯಾಗಿ ತೋರಿಸುವವರಿಗೆ ಮಾತ್ರ. 2018ರಲ್ಲಿ ಪ್ರಮಾಣಿತ ಕಡಿತ ಹೆಚ್ಚುಕಡಿಮೆ ಇಮ್ಮಡಿಯಾದ ಮೇಲೆ ಹೀಗೆ ಬಿಡಿಯಾಗಿ ತೋರಿಸುವವರು ಹತ್ತರಲ್ಲಿ ಒಬ್ಬರಷ್ಟೇ ಉಳಿದಿದ್ದಾರೆ. 2025ನೇ ತೆರಿಗೆ ವರ್ಷಕ್ಕೆ ಈ ಪ್ರಮಾಣಿತ ಕಡಿತ ದಂಪತಿಗೆ 31,500 ಡಾಲರ್, ಒಬ್ಬರಿಗೆ 15,750 ಡಾಲರ್. ಅದನ್ನೇ ಆಯ್ದುಕೊಂಡವರಿಗೆ ಕಾರು ದಾನದಿಂದ ಉಳಿಯುವ ತೆರಿಗೆ ಸೊನ್ನೆ.

2026ರಿಂದ ಜಾರಿಯಾದ ಬದಲಾವಣೆ ಇನ್ನೂ ಮುಖ್ಯ. ಬಿಡಿಯಾಗಿ ತೋರಿಸುವವರು ತಮ್ಮ ಆದಾಯದ ಶೇ 0.5ನ್ನು ಮೀರಿದ ದಾನಕ್ಕಷ್ಟೇ ವಿನಾಯಿತಿ ಪಡೆಯಬಹುದು. ವರ್ಷಕ್ಕೆ 1.5 ಲಕ್ಷ ಡಾಲರ್ ಗಳಿಸುವವರಿಗೆ ಈ ಮಿತಿ 750 ಡಾಲರ್. ಬೇರೆ ದಾನವಿಲ್ಲದಿದ್ದರೆ 900 ಡಾಲರ್ ಕಾರಿನಲ್ಲಿ ಉಳಿಯುವುದು 150. ಮೇಲಿನ ದರದಲ್ಲಿ ತೆರಿಗೆಯ ಉಳಿತಾಯ 33 ಡಾಲರ್! ಇತ್ತ ಪ್ರಮಾಣಿತ ಕಡಿತ ಪಡೆಯುವವರಿಗೂ ಒಬ್ಬರಿಗೆ 1,000, ದಂಪತಿಗೆ 2,000 ಡಾಲರ್‌ವರೆಗೆ ದಾನದ ಪ್ರತ್ಯೇಕ ವಿನಾಯಿತಿ ದೊರೆತಿದೆ. ಆದರೆ ಅದು ಹಣದ ದಾನಕ್ಕೆ ಮಾತ್ರ, ಕಾರಿಗೆ ಅನ್ವಯಿಸದು. ಹಾಗಾಗಿ ಓಡುವ ಸ್ಥಿತಿಯಲ್ಲಿರುವ ಕಾರನ್ನು ತಾವೇ ಮಾರಿ, ಬಂದ ಹಣವನ್ನು ಮೆಚ್ಚಿನ ಸಂಸ್ಥೆಗೆ ಕೊಡುವುದು ಇಬ್ಬರಿಗೂ ಲಾಭದಾಯಕ. ಹರಾಜಿನವರ, ಮಧ್ಯವರ್ತಿಗಳ ಪಾಲು ಸಂಸ್ಥೆಗೇ ಉಳಿಯುತ್ತದೆ.

ಭಾರತೀಯ ವಿದ್ಯಾರ್ಥಿಗಳದು ವಿಶೇಷ ಸ್ಥಿತಿ. ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಗಳಾದವರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಪ್ರಮಾಣಿತ ಕಡಿತವಿಲ್ಲ. ಉಭಯ ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯು ನಮ್ಮ ವಿದ್ಯಾರ್ಥಿಗಳಿಗೆ ಅದನ್ನು ದಯಪಾಲಿಸಿದೆ. ಅದನ್ನು ಪಡೆದವರು ಕಾರು ದಾನದ ವಿನಾಯಿತಿಯನ್ನೂ ಕೇಳುವಂತಿಲ್ಲ.

ಇಷ್ಟಾಗಿಯೂ ಕಾರನ್ನೇ ಕೊಡಬೇಕೆನ್ನುವವರು ಮೊದಲು ಸಂಸ್ಥೆಯ ನೋಂದಣಿಯನ್ನು ತೆರಿಗೆ ಇಲಾಖೆ ಐಆರ್‌ಎಸ್‌ನ ಅಂತರ್ಜಾಲ ತಾಣದಲ್ಲಿ ಪರಿಶೀಲಿಸಬೇಕು. ಕಾರನ್ನು ಏನು ಮಾಡುತ್ತಾರೆ, ಮಾರಿದರೆ ಬಂದ ಹಣದಲ್ಲಿ ಸಂಸ್ಥೆಗೆಷ್ಟು ಎಂದು ಸಂಕೋಚವಿಲ್ಲದೆ ಕೇಳಬೇಕು. ಡಿಸೆಂಬರ್ 31ರೊಳಗೆ ಕಾರು ಹಸ್ತಾಂತರವಾದರೆ, ಮಾರಾಟ ಜನವರಿಯಲ್ಲಿ ನಡೆದರೂ ದಾನ ಹಳೆಯ ವರ್ಷದ ಲೆಕ್ಕಕ್ಕೇ ಸೇರುತ್ತದೆ. ಮಾರಾಟವಾದ 30 ದಿನಗಳೊಳಗೆ ಸಂಸ್ಥೆಯು ಮಾರಾಟದ ಮೊತ್ತ ನಮೂದಿಸಿದ ನಮೂನೆ 1098-ಸಿ ಅಥವಾ ಅದೇ ವಿವರಗಳ ಪತ್ರ ಕಳುಹಿಸಬೇಕು. ಅದಿಲ್ಲದೆ 500 ಡಾಲರ್ ಮೀರಿದ ವಿನಾಯಿತಿ ದೊರೆಯದು.

ಮಾಲೀಕತ್ವದ ಪತ್ರದಲ್ಲಿ ಪಡೆಯುವವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕುವುದು ಅಪಾಯಕಾರಿ. ಕಾರು ಮತ್ತೊಬ್ಬರ ಹೆಸರಿಗೆ ವರ್ಗವಾಗುವವರೆಗೆ ಅದರ ಮೇಲೆ ಬೀಳುವ ಪಾರ್ಕಿಂಗ್ ದಂಡದ ಚೀಟಿಗಳು ಹಳೆಯ ಮಾಲೀಕರ ವಿಳಾಸಕ್ಕೇ ಬರಬಹುದು. ಕ್ಯಾಲಿಫೋರ್ನಿಯಾದಲ್ಲಿ ಕಾರು ಕೈಬಿಟ್ಟ ಐದು ದಿನಗಳೊಳಗೆ ಮೋಟಾರು ವಾಹನ ಇಲಾಖೆಗೆ ಹಸ್ತಾಂತರದ ಸೂಚನೆ ಸಲ್ಲಿಸಬೇಕು. ಊರಿಗೆ ಹೊರಟವರು ವಿಮಾನ ಹತ್ತುವ ಮುನ್ನವೇ ಈ ಕೆಲಸ ಮುಗಿಸಿಕೊಳ್ಳುವುದು ಒಳಿತು.