ಮಹಾವೀರಾಚಾರ್ಯನ ವರ್ಗಗಣಿತ ಮತ್ತು ಪರವಲಯದ ಶೃಂಗ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಆರಂಭದ ಪದ್ಯಗಳಲ್ಲಿ ಸ್ತುತಿಸುವ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಕ್ರಿ.ಶ. 850ರ ಸುಮಾರಿನ ಸಂಸ್ಕೃತ ಕೃತಿ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು. ಇಂದು ವಿದ್ಯಾರ್ಥಿಗಳು ಪರವಲಯದ ನಕ್ಷೆ ಬಿಡಿಸಿ ಗುರುತಿಸುವ ಅಕ್ಷ, ಶೃಂಗ, ಛೇದನಬಿಂದುಗಳಲ್ಲಿ ಎಷ್ಟು ಅಂಶ ಈ ಜೈನ ಗಣಿತಜ್ಞನಿಗೆ ತಿಳಿದಿತ್ತು ಎಂಬುದನ್ನು ಅಭಿಮಾನಕ್ಕೆ ಒಳಗಾಗದೆ ಪರಿಶೀಲಿಸಬೇಕಾಗಿದೆ.

ಆತನ ವರ್ಗಸಮೀಕರಣಗಳು ಲೆಕ್ಕದ ಕಥೆಗಳಾಗಿ ಬರುತ್ತವೆ. ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋಗಿದೆ. 15 ಒಂಟೆಗಳು ನದೀತೀರದಲ್ಲಿವೆ. ಹಿಂಡಿನ ಸಂಖ್ಯೆ 36. ಇದು ಪ್ರಸಿದ್ಧವಾದ ಲೆಕ್ಕ. ಆದರೆ ಪ್ರಸ್ತುತ ವಿಚಾರಕ್ಕೆ ಹೆಚ್ಚು ಮಹತ್ವದ್ದು ಭಾಗಸಂವರ್ಗವೆಂಬ ಜಾತಿಯ ಲೆಕ್ಕಗಳಿಗೆ ಆತ ಕೊಟ್ಟ ಸೂತ್ರ. ಒಂದು ರಾಶಿಯ ಎರಡು ಭಾಗಗಳನ್ನು ಪರಸ್ಪರ ಗುಣಿಸಿ, ಬಂದುದನ್ನು ರಾಶಿಯಿಂದ ಕಳೆದಾಗ ಉಳಿಯುವ ಮೊತ್ತ ಗೊತ್ತಿದ್ದರೆ ರಾಶಿ ಎಷ್ಟು ಎಂಬುದು ಇಲ್ಲಿಯ ಪ್ರಶ್ನೆ. ಆ ಎರಡು ಭಿನ್ನರಾಶಿಗಳ ಗುಣಲಬ್ಧದ ಛೇದವನ್ನು ಅಂಶದಿಂದ ಭಾಗಿಸಿ, ಅದರಿಂದ ಉಳಿಕೆಯ ನಾಲ್ಕರಷ್ಟನ್ನು ಕಳೆದು, ಅದೇ ಸಂಖ್ಯೆಯಿಂದ ಗುಣಿಸಿ ವರ್ಗಮೂಲ ತೆಗೆಯಬೇಕು. ಮೂಲವನ್ನು ಮೊದಲಿನ ಸಂಖ್ಯೆಗೆ ಕೂಡಿಸಿ ಒಮ್ಮೆ, ಕಳೆದು ಒಮ್ಮೆ ಅರ್ಧಿಸಬೇಕು. ಅಂದರೆ ಉತ್ತರಗಳು ಎರಡು ಎಂಬುದನ್ನು ಸೂತ್ರವೇ ಹೇಳುತ್ತದೆ.

ಸ್ಪಷ್ಟತೆಗಾಗಿ ಸರಳ ಸಂಖ್ಯೆಗಳನ್ನು ಬಳಸಬಹುದು, ಇವು ಮೂಲಗ್ರಂಥದವಲ್ಲ. ಎರಡು ಭಾಗಗಳೂ ಕಾಲುಪಾಲು, ಉಳಿಕೆ 3 ಎಂದಾದರೆ ಛೇದ 16. ಅದರಿಂದ 12 ಕಳೆದರೆ 4, 16ರಿಂದ ಗುಣಿಸಿದರೆ 64, ಮೂಲ 8. ಹೀಗೆ ರಾಶಿ 12 ಅಥವಾ 4. ಉಳಿಕೆಯನ್ನು 4 ಎಂದಿಟ್ಟುಕೊಂಡರೆ ವರ್ಗಮೂಲ ಶೂನ್ಯವಾಗಿ, 8 ಒಂದೇ ಉತ್ತರವಾಗುತ್ತದೆ. ಉಳಿಕೆ 5 ಆದಾಗ ಮೂಲ ತೆಗೆಯಬೇಕಾದ ಸಂಖ್ಯೆ ಋಣವಾಗುತ್ತದೆ. ಋಣರಾಶಿಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರನು ಗ್ರಂಥದ ಮೊದಲ ಭಾಗದಲ್ಲಿಯೇ ಹೇಳಿದ್ದಾನೆ.

ರಾಶಿಯನ್ನು ಅಡ್ಡರೇಖೆಯ ಮೇಲೂ ಉಳಿಕೆಯನ್ನು ಲಂಬರೇಖೆಯ ಮೇಲೂ ಗುರುತಿಸಿದರೆ ಕೆಳಮುಖವಾಗಿ ತೆರೆದ ಪರವಲಯ ಮೂಡುತ್ತದೆ. ಅದು ಅಡ್ಡರೇಖೆಯನ್ನು 0 ಮತ್ತು 16ರಲ್ಲಿ ಕತ್ತರಿಸುತ್ತದೆ. 8ರಲ್ಲಿ ಸಮಮಿತಿಯ ಅಕ್ಷ, ಅದರ ಮೇಲೆ 4ರ ಎತ್ತರದಲ್ಲಿ ಶೃಂಗ. ಸೂತ್ರದಲ್ಲಿ ಅರ್ಧಿಸಿದ ಛೇದವೇ ಅಕ್ಷದ ಸ್ಥಾನ. ಉಳಿಕೆಯ ನಾಲ್ಕರಷ್ಟು ಛೇದವನ್ನು ಮೀರಬಾರದೆಂಬ ನಿರ್ಬಂಧವೇ ಶೃಂಗದ ಎತ್ತರ. ಅಂಕಿಗಳೆಲ್ಲ ಮಹಾವೀರನ ಕೈಯಲ್ಲಿದ್ದವು. ಆದರೂ ಆತ ಶೃಂಗವನ್ನು ಕಂಡುಹಿಡಿದನೆಂದು ಹೇಳುವುದು ಇತಿಹಾಸಕ್ಕೆ ಅಪಚಾರವಾದೀತು. ಉಳಿಕೆ ಆತನಿಗೆ ಕೊಟ್ಟ ಸಂಖ್ಯೆಯೇ ಹೊರತು ರಾಶಿಯೊಂದಿಗೆ ಏರಿಳಿಯುವ ಪರಿಮಾಣವಲ್ಲ. ಏರಿಳಿತದ ಕಲ್ಪನೆಯಿಲ್ಲದೆ ಗರಿಷ್ಠವೆಂಬ ಮಾತಿಗೆ ಅರ್ಥವಿಲ್ಲ.

ಗ್ರೀಕರ ಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು. ಕ್ರಿ.ಪೂ. 200ರ ಆಸುಪಾಸಿನಲ್ಲಿ ಅಪೊಲೋನಿಯಸ್ ಶಂಕುವನ್ನು ಕತ್ತರಿಸಿ ಪಡೆದ ಪರವಲಯದ ಗುಣಗಳನ್ನು ವಿಸ್ತಾರವಾಗಿ ಸಾಧಿಸಿದನು. ಅಲ್ಲಿ ವಕ್ರರೇಖೆಯಿತ್ತು, ಬೀಜಗಣಿತದ ಸಮೀಕರಣವಿರಲಿಲ್ಲ. ಇವೆರಡೂ ಕೂಡಿದ್ದು ಹದಿನೇಳನೆಯ ಶತಮಾನದಲ್ಲಿ, ಫರ್ಮಾ ಮತ್ತು 1637ರಲ್ಲಿ ‘ಜ್ಯಾಮಿತಿ’ಯನ್ನು ಪ್ರಕಟಿಸಿದ ದೆಕಾರ್ತ್ ಅವರ ಕೃತಿಗಳಲ್ಲಿ. ಮರುವರ್ಷವೇ ಗೆಲಿಲಿಯೋ, ಎಸೆದ ವಸ್ತುವಿನ ಪಥ ಪರವಲಯವೆಂದು ತೋರಿಸುವ ಗ್ರಂಥವನ್ನು ಹೊರತಂದನು.

ಮಹಾವೀರನಿಗೆ ವಕ್ರಾಕೃತಿಗಳು ಅಪರಿಚಿತವಾಗಿದ್ದವೆಂದು ಮಾತ್ರ ಭಾವಿಸಬಾರದು. ಕ್ಷೇತ್ರಗಣಿತದ ಭಾಗದಲ್ಲಿ ಆತ ‘ಆಯತವೃತ್ತ’ವೆಂಬ ನೀಳವಾದ ವೃತ್ತದ ಪರಿಧಿಗೂ ಕ್ಷೇತ್ರಫಲಕ್ಕೂ ಸ್ಥೂಲ ನಿಯಮಗಳನ್ನು ಕೊಟ್ಟಿದ್ದಾನೆ, ಭಾರತೀಯ ಗಣಿತದಲ್ಲಿ ಇದು ವಿರಳವಾದ ಪ್ರಯತ್ನ. ಆದರೆ ಆ ಆಕೃತಿ ಹೊಲದಂತೆ ಅಳೆಯಬೇಕಾದ ಕ್ಷೇತ್ರ. ಒಂಟೆಗಳ ಹಿಂಡು ಎಣಿಸಬೇಕಾದ ರಾಶಿ. ಒಂದೇ ಗ್ರಂಥದ ಬೇರೆ ಬೇರೆ ವ್ಯವಹಾರಗಳಲ್ಲಿ ಅವು ಉಳಿದವು.